ಬೆಂಗಳೂರಿನಲ್ಲಿ ಕಲಿತ ಬೆಳಕು: ಗೋವಿಂದ ನಿಹಲಾನಿಯವರ ವೃತ್ತಿಜೀವನ

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಮಾಜಿ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ಇಂಥ ಸಮಾರಂಭಗಳಲ್ಲಿ ಒಬ್ಬ ಕವಿಯನ್ನೋ ಶರಣರನ್ನೋ ನಾಡಿಗಾಗಿ ದುಡಿದ ಹಿರಿಯರನ್ನೋ ನೆನೆಯುವುದು ವಾಡಿಕೆ. ನಮಗೆ ಒಪ್ಪಿಸಿದ ಈ ಒಂದು ತಾಸಿಗೆ ನಾವು ಚಲನಚಿತ್ರದ ಛಾಯಾಗ್ರಾಹಕರೊಬ್ಬರನ್ನು ಆರಿಸಿಕೊಂಡಾಗ ಸಮಿತಿಯ ಹಿರಿಯರಲ್ಲಿ ಕೆಲವರು ಹುಬ್ಬೇರಿಸಿದರು. ಅವರು ಕನ್ನಡಿಗರೇ ಎಂದು ಒಬ್ಬರು ಕೇಳಿದರು. ಅಲ್ಲ, ಸಿಂಧಿ ಮನೆತನದವರು ಎಂದೆವು. ಹಾಗಾದರೆ ಕನ್ನಡ ಶಾಲೆಯ ಶತಮಾನೋತ್ಸವದಲ್ಲಿ ಅವರಿಗೇನು ಕೆಲಸ ಎಂಬುದು ಮುಂದಿನ ಪ್ರಶ್ನೆಯಾಯಿತು. ಆ ದಿನ ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಪೂರ್ತಿಯಾಗಿ ಹೇಳುವ ಅವಕಾಶ ಇಂದು ಒದಗಿದೆ.

1988ರ ಜನವರಿಯಲ್ಲಿ ನಾವು ಇದೇ ಶಾಲೆಯ ಒಂಬತ್ತನೆಯ ಇಯತ್ತೆಯಲ್ಲಿದ್ದೆವು. ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಅಡತಿ ವ್ಯಾಪಾರ ಮಾಡುತ್ತಿದ್ದ ಒಬ್ಬ ಸಾಹುಕಾರರ ವಾಡೆಯಲ್ಲಿ ಮಾತ್ರ. ಅದೂ ಕಪ್ಪು-ಬಿಳುಪಿನದು. ದೂರದರ್ಶನದಲ್ಲಿ ವಾರಕ್ಕೊಮ್ಮೆ ರಾತ್ರಿ ‘ತಮಸ್’ ಎಂಬ ಹಿಂದೀ ಧಾರಾವಾಹಿ ಬರತೊಡಗಿತ್ತು. 1947ರ ದೇಶವಿಭಜನೆಯ ಕಾಲದಲ್ಲಿ ಪಂಜಾಬದ ಒಂದು ಊರಿನಲ್ಲಿ ನಡೆದ ಗಲಭೆಯ ಕಥೆ ಅದು. ಮಕ್ಕಳು ನೋಡತಕ್ಕದ್ದಲ್ಲ ಎಂದು ಕೆಲವು ಮನೆಗಳಲ್ಲಿ ತಡೆದರು. ನಮ್ಮಲ್ಲಿ ಹಲವರು ಹೇಗೋ ನುಸುಳಿ ಹೋಗಿ ವಾಡೆಯ ಪಡಸಾಲೆಯ ಕಂಬಗಳ ಮರೆಯಲ್ಲಿ ಕುಳಿತೆವು. ಅಲ್ಲಿ ಎರಡೂ ಧರ್ಮದ ನೆರೆಹೊರೆಯವರು ಸೇರಿದ್ದರು. ಚರ್ಮದ ಕೆಲಸ ಮಾಡುವ ಬಡವ ನತ್ಥು, ಯಾರದೋ ಮಾತಿಗೆ ಮರುಳಾಗಿ, ಕೈಗೆ ಬಂದ ಹಣದ ಆಸೆಗೆ ಒಂದು ಹಂದಿಯನ್ನು ಕೊಲ್ಲುತ್ತಾನೆ. ಬೆಳಗಾಗುವಷ್ಟರಲ್ಲಿ ಅದರ ಕಳೇಬರ ಮಸೀದಿಯ ಮೆಟ್ಟಿಲ ಮೇಲೆ ಬಿದ್ದಿರುತ್ತದೆ. ಆ ದೃಶ್ಯ ಬಂದಾಗ ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಒಬ್ಬರ ಮುಖವನ್ನು ಒಬ್ಬರು ನೋಡಲಿಲ್ಲ. ಎದ್ದು ಹೋದವರೂ ಇಲ್ಲ.

ಸಾಹುಕಾರರ ತಾಯಿಗೆ ಅಕ್ಷರ ಬಾರದು, ಹಿಂದಿಯೂ ಬಾರದು. ಅವರ ಬಳಿ ಕುಳಿತು ಪಿಸುಮಾತಿನಲ್ಲಿ ಕನ್ನಡದಲ್ಲಿ ಹೇಳುತ್ತ ಹೋಗುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಒಂದು ಕಂತಿನಲ್ಲಿ ಹರನಾಮ ಸಿಂಗ್ ಮತ್ತು ಬಂತೋ ಎಂಬ ಸಿಖ್ ವೃದ್ಧ ದಂಪತಿ ತಮ್ಮ ಅಂಗಡಿ-ಮನೆ ಬಿಟ್ಟು ರಾತ್ರೋರಾತ್ರಿ ನಡೆದುಹೋಗಿ, ಒಂದು ಮುಸಲ್ಮಾನ ಮನೆಯ ಬಾಗಿಲು ತಟ್ಟುತ್ತಾರೆ. ಆ ಮನೆಯ ಹೆಂಗಸು ಅವರನ್ನು ಒಳಗೆ ಕರೆಯುತ್ತಾಳೆ. ಮರುದಿನ ಬೆಳಿಗ್ಗೆ ನಾವು ನೀರಿಗೆ ಹೋದಾಗ ಅಜ್ಜಿ ಕಟ್ಟೆಯ ಮೇಲಿಂದಲೇ ಕೂಗಿ ಕೇಳಿದರು: “ಆ ಮುದುಕಾ ಮುದುಕಿ ಉಳದ್ರೇನೋ ತಮ್ಮಾ?” ಮುಂದಿನ ಕಂತಿನಲ್ಲಿ ಏನಿದೆಯೆಂದು ನಮಗೆ ಹೇಗೆ ತಿಳಿಯಬೇಕು?

ಆ ಮುದುಕನ ಪಾತ್ರ ಮಾಡಿದವರು ಕಾದಂಬರಿಯನ್ನು ಬರೆದ ಭೀಷ್ಮ ಸಾಹನಿಯವರೇ ಎಂಬುದು ನಮಗೆ ತಿಳಿದದ್ದು ಬಹಳ ವರ್ಷಗಳ ಬಳಿಕ. ನಿರ್ದೇಶಕರು ಗೋವಿಂದ ನಿಹಲಾನಿ ಎಂಬುದನ್ನು ಮಾತ್ರ ಅಂದೇ ಓದಿಕೊಂಡಿದ್ದೆವು. ಹೆಸರುಗಳ ಪಟ್ಟಿಯಲ್ಲಿ ಛಾಯಾಗ್ರಹಣದ ಮುಂದೆ ವಿ.ಕೆ. ಮೂರ್ತಿ ಎಂಬ ಇನ್ನೊಂದು ಹೆಸರಿತ್ತು. ಅದರ ಮಹತ್ವ ಆಗ ನಮ್ಮ ತಲೆಗೆ ಹೊಳೆಯಲಿಲ್ಲ. ಇಂದಿನ ಮಾತೆಲ್ಲ ಈ ಎರಡು ಹೆಸರುಗಳ ನಡುವಿನದು.

ಗೋವಿಂದ ನಿಹಲಾನಿಯವರು ಹುಟ್ಟಿದ್ದು 1940ರಲ್ಲಿ, ಕರಾಚಿಯಲ್ಲಿ. ವಿಭಜನೆಯಾದಾಗ ಅವರ ಕುಟುಂಬ ಇದ್ದ ನೆಲೆಯನ್ನು ಬಿಟ್ಟು ರಾಜಸ್ಥಾನದ ಉದಯಪುರಕ್ಕೆ ಬಂದು ಸೇರಿತು. ‘ತಮಸ್’ ಚಿತ್ರಿಸುವ ಕಾಲದಲ್ಲಿ ಅವರು ಆರೇಳು ವರ್ಷದ ಬಾಲಕ. ಉದಯಪುರದಲ್ಲಿ ಬೆಳೆದ ಆ ಹುಡುಗ ಕ್ಯಾಮೆರಾ ವಿದ್ಯೆಯನ್ನು ಅರಸಿ ಬಂದದ್ದು ಬೆಂಗಳೂರಿಗೆ, ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿಗೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆಗಿನ್ನೂ ತಲೆಯೆತ್ತುತ್ತಿದ್ದ ಕಾಲ. ಛಾಯಾಗ್ರಹಣವನ್ನು ಒಂದು ತಾಂತ್ರಿಕ ವಿದ್ಯೆಯಾಗಿ ಕ್ರಮಬದ್ಧವಾಗಿ ಕಲಿಸುವ ಜಾಗಗಳು ದೇಶದಲ್ಲಿ ಬೆರಳೆಣಿಕೆಯಷ್ಟಿದ್ದವು. ಹಳೆಯ ಮೈಸೂರು ಸಂಸ್ಥಾನ ಕಟ್ಟಿಹೋದ ಆ ಪಾಲಿಟೆಕ್ನಿಕ್ ಅವುಗಳಲ್ಲೊಂದು. 1962ರಲ್ಲಿ ನಿಹಲಾನಿ ಅಲ್ಲಿಂದ ಪದವಿ ಪಡೆದು ಹೊರಬಂದರು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಅವರು ಕನ್ನಡ ಮಾಧ್ಯಮದಲ್ಲಿ ಓದಿ ಬೆಳೆದರೆಂದು ನಾವು ಹೇಳಿದರೆ ಅದು ಸುಳ್ಳಾಗುತ್ತದೆ. ವೇದಿಕೆಗೆ ತಕ್ಕಂತೆ ಹಿರಿಯರ ಚರಿತ್ರೆಯನ್ನು ತಿರುಚುವ ಚಾಳಿ ನಮ್ಮ ಸಭೆಗಳಲ್ಲಿ ಸಾಕಷ್ಟಿದೆ. ನಾವು ಹೇಳಹೊರಟಿರುವುದು ಬೇರೆ. ಅವರಿಗೆ ಕನ್ನಡನಾಡಿನಿಂದ ದೊರೆತದ್ದು ಒಂದು ವಿದ್ಯೆ ಮತ್ತು ಒಬ್ಬ ಗುರು.

ಆ ಗುರುವೇ ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಮೂರ್ತಿಯವರು ಪಿಟೀಲು ಬಲ್ಲವರು. ಅದೇ ಬೆಂಗಳೂರಿನ ಪಾಲಿಟೆಕ್ನಿಕ್ಕಿನಿಂದ 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಅಲ್ಲಿ ಅವರಿಗೆ ಜೊತೆಯಾದವರು ಗುರುದತ್. ಗುರುದತ್ತರೂ ಬೆಂಗಳೂರಿನಲ್ಲೇ ಹುಟ್ಟಿದ ಪಡುಕೋಣೆ ಮನೆತನದವರು. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರಗಳನ್ನು ನೋಡಿದವರಿಗೆ ಮೂರ್ತಿಯವರ ಕೈಚಳಕವನ್ನು ವಿವರಿಸಬೇಕಾಗಿಲ್ಲ. ‘ಕಾಗಜ್ ಕೆ ಫೂಲ್’ 1959ರಲ್ಲಿ ಬಂದ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಒಂದು ಬೆಳಕಿನ ಕೋಲಿದೆ. ಸ್ಟುಡಿಯೋದ ದೀಪಗಳಿಂದ ಅಂಥ ಬೆಳಕು ಹುಟ್ಟದು. ಮೂರ್ತಿಯವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಹಿಡಿದು, ಪ್ರತಿಫಲಿಸಿ ಒಳಗೆ ತಂದರು. ನಮ್ಮಲ್ಲಿ ಯಾರು ಬಾಲ್ಯದಲ್ಲಿ ಒಡೆದ ಕನ್ನಡಿಯ ಚೂರಿನಿಂದ ವರ್ಗದ ಕರಿಹಲಗೆಯ ಮೇಲೆ ಬಿಸಿಲು ಕುಣಿಸಿ ಗುರುಗಳಿಂದ ಏಟು ತಿಂದಿಲ್ಲ? ಆ ಆಟವೇ ಅಲ್ಲಿ ಕಲೆಯಾಯಿತು.

ಹೀಗೆ ಒಂದೇ ವಿದ್ಯಾಲಯದಲ್ಲಿ ಹದಿನಾರು ವರ್ಷಗಳ ಅಂತರದಲ್ಲಿ ಕಲಿತ ಇಬ್ಬರು ಮುಂಬಯಿಯಲ್ಲಿ ಗುರುಶಿಷ್ಯರಾದರು. ನಿಹಲಾನಿಯವರು ಮೂರ್ತಿಯವರ ಸಹಾಯಕರಾಗಿ ಕೆಲಸ ಕಲಿತರು.

ಛಾಯಾಗ್ರಾಹಕರ ಕೆಲಸವೇನೆಂದು ಮಕ್ಕಳಿಗಾಗಿ ಎರಡು ಮಾತು. ಗುಂಡಿ ಒತ್ತುವುದು ಅದರ ಅತಿ ಸಣ್ಣ ಭಾಗ. ಬೆಳಕು ಎಲ್ಲಿಂದ ಬೀಳಬೇಕು, ಎಷ್ಟು ಬೀಳಬೇಕು, ಮುಖದ ಯಾವ ಭಾಗ ನೆರಳಿನಲ್ಲಿ ಉಳಿಯಬೇಕು, ನೋಡುವವರ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ಅವರು. ಫಿಲ್ಮ್ ಸುರುಳಿಯ ಕಾಲದಲ್ಲಿ ತಪ್ಪಾದುದು ಅಲ್ಲಿಯೇ ಕಾಣುತ್ತಿರಲಿಲ್ಲ, ಸುರುಳಿಯನ್ನು ಪ್ರಯೋಗಾಲಯದಲ್ಲಿ ತೊಳೆದು ತರುವವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು. ಮೂರ್ತಿಯವರದು ಸ್ಟುಡಿಯೋದ ಯುಗ: ಕಟ್ಟಿದ ಮನೆಗಳು, ಭಾರವಾದ ದೀಪಗಳು, ಹತ್ತಾರು ಆಳುಗಳು. ನಿಹಲಾನಿಯವರ ಕೈಗೆ ಕೆಲಸ ಬರುವ ಹೊತ್ತಿಗೆ ಕಡಿಮೆ ಹಣದಲ್ಲಿ, ನಿಜವಾದ ಊರಲ್ಲಿ, ನಿಜವಾದ ಮನೆಯೊಳಗೆ ಚಿತ್ರ ತೆಗೆಯುವ ಹೊಸಬರು ಬಂದಿದ್ದರು. ಅಲ್ಲಿ ಕಿಟಕಿಯಿಂದ ಬರುವ ಬೆಳಕೇ ಬಂಡವಾಳ. ಗುರುವಿನಿಂದ ಕಲಿತ ಶಿಸ್ತನ್ನು ಗುರುವಿಗಿದ್ದ ಸೌಕರ್ಯಗಳಿಲ್ಲದೆ ನಡೆಸಬೇಕಾದ ಸವಾಲು ಶಿಷ್ಯನದಾಯಿತು.

ಅವರು ಸ್ವತಂತ್ರ ಛಾಯಾಗ್ರಾಹಕರಾಗಿ ದುಡಿದ ಮೊದಲ ಕಥಾಚಿತ್ರ ಮರಾಠಿಯದು: ವಿಜಯ ತೆಂಡೂಲ್ಕರರ ನಾಟಕವನ್ನು ಆಧರಿಸಿ ಸತ್ಯದೇವ ದುಬೆಯವರು 1971ರಲ್ಲಿ ನಿರ್ದೇಶಿಸಿದ ‘ಶಾಂತತಾ! ಕೋರ್ಟ್ ಚಾಲೂ ಆಹೆ’. ಎರಡು ವರ್ಷಗಳ ಬಳಿಕ ಬಂದದ್ದು ಕನ್ನಡದ ‘ಕಾಡು’. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗಿರೀಶ ಕಾರ್ನಾಡರ ನಿರ್ದೇಶನ. ಎರಡು ಹಳ್ಳಿಗಳ ನಡುವಿನ ಹಗೆಯನ್ನು, ಚಿಕ್ಕಪ್ಪನ ಮನೆಯಲ್ಲಿ ಬೆಳೆಯುತ್ತಿರುವ ಕಿಟ್ಟಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ತೋರಿಸುವ ಚಿತ್ರ. ದೊಡ್ಡವರು ಏಕೆ ಹೊಡೆದಾಡುತ್ತಾರೆಂದು ಆ ಹುಡುಗನಿಗೆ ಅರ್ಥವಾಗುವುದಿಲ್ಲ, ಅವನಿಗೆ ಕಾಣುವುದು ಮಾತ್ರ ನಿಚ್ಚಳವಾಗಿದೆ. ಹಾಗೆ ಕಾಣಿಸಿದ್ದು ನಿಹಲಾನಿಯವರ ಕ್ಯಾಮೆರಾ. ಆ ಚಿತ್ರದಲ್ಲಿ ಅಭಿನಯಿಸಿದ ನಂದಿನಿ ಭಕ್ತವತ್ಸಲ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂದಿತು. ಹದಿನೈದು ವರ್ಷಗಳ ನಂತರ ಅದೇ ನಿಹಲಾನಿ ‘ತಮಸ್’ ತೆಗೆದರು. ಎರಡನ್ನೂ ಒಟ್ಟಿಗೆ ನೋಡಿದಾಗ, ನೆರೆಹೊರೆಯವರು ಹಗೆಗಳಾಗುವ ಬಗೆಯನ್ನು ಅವರು ಮೊದಲು ಕಂಡು ಚಿತ್ರಿಸಿದ್ದು ಕನ್ನಡದ ಒಂದು ಕಥೆಯಲ್ಲಿ ಎಂದು ನಮಗೆ ಅನ್ನಿಸುತ್ತದೆ. ಇದು ನಮ್ಮ ಅನಿಸಿಕೆ ಮಾತ್ರ, ಅವರು ಹೇಳಿದ ಮಾತಲ್ಲ.

ಜಾಹೀರಾತಿನ ಲೋಕದಲ್ಲಿ ಶ್ಯಾಮ್ ಬೆನಗಲ್ಲರ ಪರಿಚಯವಾಗಿದ್ದು ಅವರ ಬಾಳಿನ ಇನ್ನೊಂದು ತಿರುವು. 1974ರ ‘ಅಂಕುರ್’ನಿಂದ ಮೊದಲ್ಗೊಂಡು ‘ನಿಶಾಂತ್’, ‘ಮಂಥನ್’, ‘ಭೂಮಿಕಾ’, ತೆಲುಗಿನಲ್ಲೂ ‘ಅನುಗ್ರಹಂ’ ಎಂಬ ಹೆಸರಿನಿಂದ ಬಂದ ‘ಕೊಂಡುರಾ’, ‘ಜುನೂನ್’, ‘ಕಲಿಯುಗ್’ ಚಿತ್ರಗಳಿಗೆ ಅವರದೇ ಛಾಯಾಗ್ರಹಣ. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಹಾಕಿ ತೆಗೆಸಿದ ‘ಮಂಥನ್’ ಬಗ್ಗೆ ನಮ್ಮ ಸಹಕಾರಿ ಸಂಘದವರು ತಿಳಿದಿರಲೇಬೇಕು. ಅದರ ಕಥಾನಾಯಕ ಡಾಕ್ಟರ್ ರಾವ್ ಆಗಿ ನಟಿಸಿದವರು ಕಾರ್ನಾಡರೇ. 1857ರ ದಂಗೆಯ ಕಾಲದ ‘ಜುನೂನ್’ ಚಿತ್ರದ ವರ್ಣ ಛಾಯಾಗ್ರಹಣಕ್ಕಾಗಿ ನಿಹಲಾನಿಯವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಇಷ್ಟು ಹೆಸರು ಗಳಿಸಿದ ಮೇಲೆ ಅವರು ಅಲ್ಲಿಯೇ ನಿಲ್ಲಬಹುದಿತ್ತು. ನಲವತ್ತರ ಹೊಸ್ತಿಲಲ್ಲಿ ನಿರ್ದೇಶಕರಾದರು. 1980ರ ‘ಆಕ್ರೋಶ್’ ಮೊದಲ ಚಿತ್ರ. ಬರೆದವರು ತೆಂಡೂಲ್ಕರ್. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಆದಿವಾಸಿ ಲಹಾನ್ಯಾ ಭೀಕುವಿಗೆ ಸರಕಾರ ಒಬ್ಬ ಎಳೆಯ ವಕೀಲನನ್ನು ಕೊಡುತ್ತದೆ. ವಕೀಲ ಎಷ್ಟು ಕೇಳಿದರೂ ಲಹಾನ್ಯಾ ಬಾಯಿ ಬಿಡುವುದಿಲ್ಲ. ಓಂ ಪುರಿಯವರು ಹೆಚ್ಚುಕಡಿಮೆ ಇಡೀ ಚಿತ್ರದಲ್ಲಿ ಮಾತೇ ಇಲ್ಲದೆ ಕಣ್ಣುಗಳಿಂದಲೇ ಅಭಿನಯಿಸಿದ್ದಾರೆ. ನಿರ್ದೇಶಕರೇ ಕ್ಯಾಮೆರಾ ಹಿಡಿದಿದ್ದರಿಂದ ಆ ಮೌನದ ಎದುರು ಎಷ್ಟು ಹೊತ್ತು ನಿಲ್ಲಬೇಕೆಂಬುದು ಅವರಿಗೆ ಗೊತ್ತಿತ್ತು. ನ್ಯಾಯಾಲಯದ ಭಾಷೆ ತನ್ನದಲ್ಲವೆಂದು ಅರಿತವನು ಮೌನಿಯಾಗುತ್ತಾನೆ. ಕಚೇರಿಯ ಕಾಗದ ಒಂದು ಭಾಷೆಯಲ್ಲಿ, ಮನೆಯ ಸಂಕಟ ಇನ್ನೊಂದು ಭಾಷೆಯಲ್ಲಿ ಇರುವ ನಮ್ಮಂಥ ಗಡಿಯ ಜನಕ್ಕೆ ಆ ಮೌನ ಹೊಸದೇನಲ್ಲ. ನಮ್ಮಲ್ಲೊಬ್ಬರು ಹೊಲದ ತಕರಾರಿಗಾಗಿ ತಂದೆಯೊಡನೆ ಕಚೇರಿಗೆ ಹೋಗಿದ್ದರು. ತಮಗೆ ಬಾರದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆಲ್ಲ ಆ ತಂದೆ ಸುಮ್ಮನೆ ತಲೆಯಾಡಿಸುತ್ತ ನಿಂತಿದ್ದರಂತೆ. ‘ಆಕ್ರೋಶ್’ ನೋಡಿ ಹೊರಬಂದ ದಿನ ಆ ಗೆಳೆಯರು ಇದನ್ನು ಮೊದಲ ಸಲ ನಮಗೆ ಹೇಳಿದರು. ಆ ಚಿತ್ರಕ್ಕೆ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಸ್ವರ್ಣ ಮಯೂರ ಬಂದಿತು.

ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ ಚಿತ್ರದ ಎರಡನೆಯ ತಂಡದ ನಿರ್ದೇಶಕರಾಗಿಯೂ ಅವರು ಅದೇ ದಿನಗಳಲ್ಲಿ ದುಡಿದರು. 1983ರಲ್ಲಿ ‘ಅರ್ಧಸತ್ಯ’ ಬಂದಿತು. ಎಸ್.ಡಿ. ಪಾನವಲಕರ ಅವರ ಮರಾಠಿ ಕಥೆ ‘ಸೂರ್ಯ’, ತೆಂಡೂಲ್ಕರರ ಚಿತ್ರಕಥೆ, ಮರಾಠಿ ಕವಿ ದಿಲೀಪ ಚಿತ್ರೆಯವರ ಕವಿತೆ, ಇವು ಸೇರಿ ಆದ ಹಿಂದೀ ಚಿತ್ರ. ಪ್ರಾಮಾಣಿಕನಾಗಿ ಉಳಿಯಲು ಹೆಣಗುವ ಪೊಲೀಸ್ ಅಧಿಕಾರಿ ಅನಂತ ವೇಲಣಕರನ ಪಾತ್ರ ಓಂ ಪುರಿಯವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಬಳಿಕ ಮಹೇಶ ಎಲಕುಂಚವಾರರ ನಾಟಕದಿಂದ ‘ಪಾರ್ಟಿ’, ಸ್ಪೇನಿನ ಲೋರ್ಕಾನ ನಾಟಕದಿಂದ ‘ರುಕ್ಮಾವತಿ ಕೀ ಹವೇಲಿ’, ಬಂಗಾಳಿಯ ಮಹಾಶ್ವೇತಾ ದೇವಿಯವರ ಕಾದಂಬರಿಯಿಂದ ‘ಹಜಾರ್ ಚೌರಾಸಿ ಕೀ ಮಾ’ ಬಂದವು. ಅವರ ‘ದ್ರೋಹಕಾಲ್’ ತಮಿಳಿನಲ್ಲಿ ‘ಕುರುದಿಪ್ಪುನಲ್’ ಆಯಿತು. ಇವೆಲ್ಲ ಒಂದೇ ಮಟ್ಟದವೆಂದು ನಾವು ಹೇಳುವುದಿಲ್ಲ. ತಡವಾಗಿ ಬಂದ ಕೆಲವು ಚಿತ್ರಗಳಲ್ಲಿ ಪಾತ್ರಗಳು ಬದುಕುವುದಕ್ಕಿಂತ ವಾದಿಸುವುದೇ ಹೆಚ್ಚು. ಆದರೆ ಕಥೆ ಯಾವ ಭಾಷೆಯಲ್ಲಿ ಇದೆಯೋ ಅಲ್ಲಿಗೆ ತಾವೇ ನಡೆದುಹೋಗುವ ಅಭ್ಯಾಸವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನೆರೆಮನೆಯಲ್ಲಿ ಉರ್ದು ಕೇಳುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಇದು ತಲೆಯ ಮೇಲಿನ ಹೊರೆಯೆಂದು ನಾವೇ ಹೇಳಿಕೊಡುತ್ತಿದ್ದೇವೆ. ವರ್ಷದಿಂದ ವರ್ಷಕ್ಕೆ ನಮ್ಮ ದಾಖಲಾತಿ ಪುಸ್ತಕ ತೆಳ್ಳಗಾಗುತ್ತಿರುವುದಕ್ಕೆ ಸರಕಾರವೊಂದೇ ಕಾರಣವಲ್ಲ. ಪಾಲಕರು ಮನ್ನಿಸಬೇಕು, ನಮ್ಮಲ್ಲೂ ಹಲವರು ನಮ್ಮ ಮಕ್ಕಳನ್ನು ಈ ಶಾಲೆಗೆ ಕಳಿಸಲಿಲ್ಲ.

ಈಗ ‘ತಮಸ್’ಗೆ ಮರಳೋಣ. ‘ಗಾಂಧಿ’ ಚಿತ್ರೀಕರಣದ ಕಾಲದಲ್ಲಿ ದಿಲ್ಲಿಯ ಪುಸ್ತಕದಂಗಡಿಯೊಂದರಲ್ಲಿ ಆ ಕಾದಂಬರಿ ನಿಹಲಾನಿಯವರ ಕಣ್ಣಿಗೆ ಬಿದ್ದಿತ್ತು. ಅದನ್ನು ತೆರೆಗೆ ತರಲು ವರ್ಷಗಳೇ ಹಿಡಿದವು. ಕೆಲಸ ಕೂಡಿಬಂದಾಗ ಅವರು ಛಾಯಾಗ್ರಹಣಕ್ಕೆ ತಮ್ಮ ಗುರು ವಿ.ಕೆ. ಮೂರ್ತಿಯವರನ್ನು ಕರೆದರು. ಸ್ವತಃ ರಾಷ್ಟ್ರಪ್ರಶಸ್ತಿ ಪಡೆದ ಛಾಯಾಗ್ರಾಹಕ, ತನ್ನ ಬಾಳಿನ ಅತಿ ದೊಡ್ಡ ಕೆಲಸದಲ್ಲಿ, ಅರವತ್ತು ದಾಟಿದ ಗುರುವಿನೊಡನೆ ಆ ಹೊಣೆಯನ್ನು ಹಂಚಿಕೊಂಡರು. ಹೆಸರುಗಳ ಪಟ್ಟಿಯಲ್ಲಿ ಇಬ್ಬರೂ ಜೊತೆಯಾಗಿದ್ದಾರೆ. ಒಂದು ಕಾಲಕ್ಕೆ ಗುರು ಹೇಳಿದಂತೆ ದೀಪ ಸರಿಸುತ್ತಿದ್ದ ಶಿಷ್ಯ ಈಗ ನಿರ್ದೇಶಕ. ಗುರು ಅವನ ಚಿತ್ರಕ್ಕೆ ಬೆಳಕು ಮಾಡುತ್ತಿದ್ದಾರೆ. ‘ತಮಸ್’ ಎಂದರೆ ಕತ್ತಲೆ. ಆ ಕತ್ತಲೆಯಲ್ಲಿ ಎಷ್ಟು ಕಾಣಿಸಬೇಕೆಂದು ತೂಗಿ ನೋಡಿದವರು ಬೆಂಗಳೂರಿನ ಒಂದೇ ಪಾಲಿಟೆಕ್ನಿಕ್ಕಿನ ಇಬ್ಬರು ಹಳೆಯ ವಿದ್ಯಾರ್ಥಿಗಳು. ಅಂದು ವಾಡೆಯ ಕಂಬದ ಮರೆಯಲ್ಲಿ ಕುಳಿತಿದ್ದ ನಾವು ಅಜ್ಜಿಗೆ ಕಥೆಯನ್ನು ಕನ್ನಡಕ್ಕೆ ತಿರುಗಿಸುತ್ತಿದ್ದೆವು. ಆ ಬೆಳಕಿನ ಹಿಂದೆ ಮೈಸೂರಿನ ಒಂದು ಕೈ ಇತ್ತೆಂಬುದನ್ನು ಅಜ್ಜಿಗೆ ಹೇಳುವ ಭಾಗ್ಯ ನಮಗಿರಲಿಲ್ಲ.

ಪ್ರಸಾರ ಸುಲಭವಾಗಿ ನಡೆಯಲಿಲ್ಲ. ಇದು ಸಮಾಜಗಳ ನಡುವೆ ಕಿಚ್ಚು ಹಚ್ಚುತ್ತದೆಂದು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹೋಗಿ, ತಡೆಯಾಜ್ಞೆಯೂ ಬಂದಿತು. ಮುಂದಿನ ಕಂತು ಬರುತ್ತದೋ ಇಲ್ಲವೋ ಎಂಬ ಮಾತು ನಮ್ಮ ಓಣಿಯವರೆಗೂ ತಲುಪಿತ್ತು. ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಇಬ್ಬರೂ ಕೂತು ಇಡೀ ಧಾರಾವಾಹಿಯನ್ನು ನೋಡಿದರು. ನೋಡಿ ತಡೆಯನ್ನು ತೆಗೆದರು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ನಮಗೆ ಬಹಳ ಹಿಡಿಸಿದ ಒಂದು ವಿಚಾರವಿದೆ. ಓದುಬರಹ ಬಾರದ ಜನ ತಪ್ಪಾಗಿ ತಿಳಿದುಕೊಂಡಾರು ಎಂಬ ಆತಂಕಕ್ಕೆ ಉತ್ತರವಾಗಿ, ಅಕ್ಷರ ಬಾರದವರಿಗೂ ವಿವೇಕವಿದೆ, ಮತಾಂಧರ ಕುಟಿಲ ಕಣ್ಣೆದುರು ನಡೆದಾಗ ಅವರೂ ಅದನ್ನು ಗುರುತಿಸಬಲ್ಲರು ಎಂಬ ಅರ್ಥದ ಮಾತನ್ನು ನ್ಯಾಯಾಧೀಶರು ಬರೆದಿದ್ದಾರೆ. ಅದನ್ನು ಓದಿದಾಗ ನಮಗೆ ಕಟ್ಟೆಯ ಮೇಲಿಂದ ಕೂಗಿದ ಅಜ್ಜಿ ನೆನಪಾದರು. ಅವರು ಆ ವೃದ್ಧರ ಧರ್ಮ ಯಾವುದೆಂದು ಕೇಳಿರಲಿಲ್ಲ.

‘ತಮಸ್’ಗೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಬಂದಿತು. ಬಾಗಿಲು ತೆರೆದ ಹೆಂಗಸಿನ ಪಾತ್ರ ಮಾಡಿದ ಸುರೇಖಾ ಸೀಕ್ರಿಯವರಿಗೆ ಶ್ರೇಷ್ಠ ಪೋಷಕ ನಟಿಯ ಪ್ರಶಸ್ತಿಯೂ ಬಂದಿತು. ನಿಹಲಾನಿಯವರಿಗೆ 2002ರಲ್ಲಿ ಪದ್ಮಶ್ರೀ ಸಂದಿತು. 2017ರಲ್ಲಿ ಅವರು ಮತ್ತೆ ಮರಾಠಿಯಲ್ಲಿ ‘ತೀ ಆಣಿ ಇತರ’ ಎಂಬ ಚಿತ್ರ ಮಾಡಿದರು. ಇತ್ತ ಮೂರ್ತಿಯವರು 1993ರಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಹೂವು ಹಣ್ಣು’ ಎಂಬ ಕನ್ನಡ ಚಿತ್ರಕ್ಕೆ ಛಾಯಾಗ್ರಹಣ ಮಾಡಿ, ಬೆಂಗಳೂರಿಗೆ ಬಂದು ನೆಲೆಸಿದರು. 2008ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ. 2014ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಮಾತು ಉದ್ದವಾಯಿತು. ಮುಂದಿನ ಶನಿವಾರದಿಂದ ಶಾಲೆಯ ಸಭಾಭವನದಲ್ಲಿ ನಾವು ಈ ಚಿತ್ರಗಳನ್ನು ತೋರಿಸಲಿದ್ದೇವೆ. ಮೊದಲ ವಾರ ‘ಕಾಡು’. ‘ತಮಸ್’ ಸುಮಾರು ಐದು ತಾಸಿನದಾದ್ದರಿಂದ ಅದನ್ನು ನಾಲ್ಕು ಶನಿವಾರಗಳಿಗೆ ಹಂಚಿದ್ದೇವೆ. ಅದು ಒಂಬತ್ತನೆಯ ಇಯತ್ತೆಗೆ ಮೇಲ್ಪಟ್ಟವರಿಗೆ ಮಾತ್ರ, ಗುರುಗಳು ಜೊತೆಯಲ್ಲಿ ಕುಳಿತಿರುತ್ತಾರೆ. ಮನೆಯ ಹಿರಿಯರನ್ನೂ ಕರೆತನ್ನಿ. ಹಿಂದಿ ಬಾರದವರ ಪಕ್ಕದಲ್ಲಿ ಒಂದೊಂದು ಮಗು ಕುಳಿತು ಕನ್ನಡದಲ್ಲಿ ಹೇಳುವಂತೆ ಮುಖ್ಯ ಗುರುಗಳು ವ್ಯವಸ್ಥೆ ಮಾಡಿದ್ದಾರೆ. ಕುರ್ಚಿಗಳು ಸಾಲದಿದ್ದರೆ ಜಮಖಾನೆ ಹಾಸುತ್ತೇವೆ.